ಚಹಾ ಚಿಗುರು ನೇರಳೆಯಾಗುವುದು ಹೇಗೆ? ಪರೀಕ್ಷಿಸುವುದು ಹೇಗೆ?

ಚೀನಾದ ಯುನ್ನಾನ್‌ನ ‘ಜಿಜುವಾನ್’, ಕೀನ್ಯಾದಲ್ಲಿ 2011ರಲ್ಲಿ ಬಿಡುಗಡೆಯಾದ ‘ಟಿಆರ್‌ಎಫ್‌ಕೆ 306’ ತಳಿಗಳ ಚಿಗುರು ನೇರಳೆ. ಇದಕ್ಕೆ ಕಾರಣ ಆಂಥೋಸಯಾನಿನ್ ಎಂಬ ಬಣ್ಣದ್ರವ್ಯ. ಅದನ್ನು ತಯಾರಿಸುವ ವಂಶವಾಹಿಗಳು ಹಸಿರು ತಳಿಗಳಲ್ಲೂ ಇವೆ. ಎಷ್ಟು ದುಡಿಯುತ್ತವೆ ಎಂಬುದರಲ್ಲೇ ವ್ಯತ್ಯಾಸ.

ಎಲೆಯೊಳಗೆ ಕೆಲಸ ಶುರುವಾಗುವುದು ಫಿನೈಲಾಲನಿನ್ ಎಂಬ ಅಮೈನೋ ಆಮ್ಲದಿಂದ. ಒಂದರ ಹಿಂದೊಂದು ಕಿಣ್ವಗಳು ಅದನ್ನು ಬದಲಿಸುತ್ತ ಕವಲುದಾರಿಗೆ ತರುತ್ತವೆ. ಒಂದು ಕವಲು ಕ್ಯಾಟೆಚಿನ್‌ಗೆ, ಅಂದರೆ ಚಹಾದ ಒಗರಿಗೆ ಹೋಗುತ್ತದೆ. ಇನ್ನೊಂದರಲ್ಲಿ ಸಕ್ಕರೆಯ ಅಣು ಸೇರಿ ಸ್ಥಿರವಾದ ಬಣ್ಣ ಜೀವಕೋಶದ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ ಶೇಖರವಾಗುತ್ತದೆ. ಬಣ್ಣದ ಕವಲನ್ನು ಚುರುಕುಗೊಳಿಸುವುದು ಮೂರು ಬಗೆಯ ಪ್ರೋಟೀನ್‌ಗಳ ಕೂಟ. ಅದರಲ್ಲಿ ‘ಎಂವೈಬಿ’ ಗುಂಪಿನದೇ ಮುಖ್ಯ ಕೀಲಿ. ಜಿಜುವಾನ್‌ನಲ್ಲಿ ಆ ಪ್ರೋಟೀನ್ ತಯಾರಿಸುವ ವಂಶವಾಹಿಯ ಮುಂಭಾಗದಲ್ಲಿ ಅದನ್ನು ತಡೆಯುವ ಮೀಥೈಲ್ ಗುರುತುಗಳು ಕಡಿಮೆ, ಹಾಗಾಗಿ ಅದು ಜೋರಾಗಿ ದುಡಿಯುತ್ತದೆ.

ಬೆಳಕೂ ಬೇಕು. ಗಿಡದ ಒಂದು ಭಾಗಕ್ಕೆ ದಟ್ಟ ನೆರಳು ಬಲೆ ಹೊದಿಸಿ, ಮುಂದಿನ ಚಿಗುರು ಬರುವವರೆಗೆ ಬಿಡಿ. ಆ ಭಾಗದ ಚಿಗುರು ಹಸಿರಾಗಿಯೇ ಬರಬಹುದು. ನಿಜವಾದ ನೇರಳೆ ತಳಿಯೂ ಹೀಗೆ ಮಾಸುತ್ತದೆ, ಆದ್ದರಿಂದ ತಳಿ ಗುರುತಿಸಲು ಈ ಪ್ರಯೋಗವೊಂದೇ ಸಾಲದು. ಎಲೆ ಬಲಿತಂತೆ ನೇರಳೆ ತಗ್ಗಿ ಪತ್ರಹರಿತ್ತು ಮೇಲುಗೈ ಪಡೆಯುವುದು ಸಹಜ. ಹಳೆಯ ಎಲೆಗಳು ಮಾತ್ರ ಕೆಂಪು-ನೇರಳೆಯಾದರೆ ರಂಜಕದ ಕೊರತೆ ಇರಬಹುದು, ಮಣ್ಣು ಪರೀಕ್ಷಿಸಿ.

ಅಳೆಯಲು ಪ್ರಯೋಗಾಲಯ ಬೇಕು. ಮೆಥನಾಲ್ ವಿಷ, ಮನೆಯಲ್ಲಿ ಇದನ್ನು ಮಾಡಬೇಡಿ. ಎರಡೆಲೆ ಒಂದು ಮೊಗ್ಗಿನ ತಾಜಾ ಚಿಗುರು 1 ಗ್ರಾಂ ಅರೆದು, ಶೇ 1 ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ 10 ಮಿ.ಲೀ. ಮೆಥನಾಲ್‌ನಲ್ಲಿ ಹಾಕಿ, ಕತ್ತಲಲ್ಲಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ಸೋಸಿ ಎರಡು ಪಾಲು ಮಾಡಿ. ಒಂದಕ್ಕೆ ಪಿಎಚ್ 1.0, ಇನ್ನೊಂದಕ್ಕೆ ಪಿಎಚ್ 4.5 ಬಫರ್ (ಪಿಎಚ್, ಅಂದರೆ ಆಮ್ಲೀಯತೆಯ ಮಟ್ಟ, ಬದಲಾಗದಂತೆ ಹಿಡಿದಿಡುವ ದ್ರಾವಣ) ಸೇರಿಸಿ. ಎರಡಕ್ಕೂ ಬಫರ್ ಒಂದೇ ಅಳತೆಯಲ್ಲಿರಲಿ. ಬಫರ್ ಸೇರಿಸಿದ ಮೇಲೆ ಸಾರ ಒಟ್ಟು ದ್ರಾವಣದ ಐದನೇ ಒಂದು ಭಾಗ ಮೀರಬಾರದು, ಮೀರಿದರೆ ಪಿಎಚ್ ತಪ್ಪುತ್ತದೆ. 20ರಿಂದ 50 ನಿಮಿಷದೊಳಗೆ 520 ಮತ್ತು 700 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಓದಿ. ಪ್ರತಿ ಪಾಲಿನಲ್ಲೂ 520ರ ಓದಿನಿಂದ 700ರದನ್ನು ಕಳೆದು, ಬಂದ ಎರಡು ಅಂಕಿಗಳ ಅಂತರ ತೆಗೆಯಿರಿ. ಆಂಥೋಸಯಾನಿನ್ ಎಷ್ಟಿದೆ ಎಂಬುದನ್ನು ಸೂಚಿಸುವುದು ಈ ಅಂತರವೇ. 700ರ ಓದು ದ್ರಾವಣದ ಮಬ್ಬನ್ನು ತೋರಿಸುತ್ತದೆ. ಅದು ಹೆಚ್ಚಿದ್ದರೆ ಮತ್ತೆ ಸೋಸಿ.

ಮನೆಯಲ್ಲಾದರೆ ಆರೇಳು ಚಿಗುರು ಜಜ್ಜಿ ಬಿಸಿನೀರಲ್ಲಿ ನೆನೆಸಿ, ಸೋಸಿ, ನಿಂಬೆರಸ ಹಿಂಡಿ. ಗುಲಾಬಿಗೆ ತಿರುಗಿದರೆ ಆಂಥೋಸಯಾನಿನ್ ಇದೆ ಎನ್ನಲು ಆಧಾರ ಸಿಕ್ಕಂತೆ. ಗಡಸು ಕ್ಷಾರೀಯ ನೀರಿನಲ್ಲಿ ಬಣ್ಣ ಮಂಕಾದೀತು.

ಸಂಸ್ಕರಣೆಯಲ್ಲಿ ಆಗುವ ನಷ್ಟ ಇನ್ನೊಂದು. ಕಪ್ಪು ಚಹಾಕ್ಕಾಗಿ ಚಿಗುರನ್ನು ಉರುಟಿ ಪೂರ್ತಿ ಹುದುಗಿಸಿದರೆ ಆಂಥೋಸಯಾನಿನ್ ಬಹುಪಾಲು ಹಾಳಾಗುತ್ತದೆ. ಅದನ್ನು ಉಳಿಸಿಕೊಳ್ಳಲು, ಕಿತ್ತ ಮೇಲೆ ತಡಮಾಡದೆ ಹಬೆಯಲ್ಲಿ ಬಾಡಿಸಿ ಕಿಣ್ವಗಳನ್ನು ನಿಲ್ಲಿಸಿ, ನಂತರ ಒಣಗಿಸಿ.