ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳನ್ನು ಕಾಪಾಡಿಕೊಳ್ಳುವ ಬಗೆ

ಮಧುಮೇಹವಿರುವವರು ಅಂಗಾಲು ಉರಿಯುವಾಗ ವೈದ್ಯರ ಬಳಿಗೆ ಹೋಗುತ್ತಾರೆ. ಉರಿ ನಿಂತು ಪಾದ ಮರಗಟ್ಟಿದಾಗ ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಹೆಚ್ಚು ಅಪಾಯವಿರುವುದು ಈ ಎರಡನೆಯ ಹಂತದಲ್ಲಿ.

ರಕ್ತದಲ್ಲಿ ಸಕ್ಕರೆಯ ಮಟ್ಟ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ನರತಂತುಗಳೂ ಅವುಗಳಿಗೆ ಆಮ್ಲಜನಕ ಒಯ್ಯುವ ಅತಿ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ಬೆನ್ನಿನಿಂದ ಕಾಲ್ಬೆರಳಿನ ತುದಿಗೆ ಹೋಗುವ ನರಗಳು ಎಲ್ಲಕ್ಕಿಂತ ಉದ್ದವಾದ್ದರಿಂದ ಜೋಮು ಎರಡೂ ಪಾದಗಳ ಬೆರಳುಗಳಲ್ಲಿ ಆರಂಭವಾಗಿ ನಿಧಾನವಾಗಿ ಮೇಲೇರುತ್ತದೆ. ಒಂದೇ ಕಾಲಿನಲ್ಲಿ ಜೋಮಿದ್ದರೆ ಸಾಮಾನ್ಯವಾಗಿ ಕಾರಣ ಬೇರೆಯಿರುತ್ತದೆ.

ಸ್ಪರ್ಶಜ್ಞಾನ ಎಷ್ಟು ಉಳಿದಿದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಪರೀಕ್ಷೆಯೊಂದಕ್ಕೆ ಯಾವ ಉಪಕರಣವೂ ಬೇಡ. ಕಾಯಿಲೆಯಿರುವವರು ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಬೇಕು; ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಗೊತ್ತಾಗಲಿಲ್ಲವೆಂದು ಮತ್ತೆ ಮುಟ್ಟಲೂಬಾರದು. ಆರು ಕಡೆಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಎಲ್ಲ ಕಡೆ ತಿಳಿದರೂ ವರ್ಷಕ್ಕೊಮ್ಮೆ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಬಿಡುವಂತಿಲ್ಲ.

ಸಕ್ಕರೆಯ ನಿಯಂತ್ರಣದಿಂದ ಎಷ್ಟು ಲಾಭ? ಅಮೆರಿಕ ಮತ್ತು ಕೆನಡಾದಲ್ಲಿ ಮೊದಲನೇ ಬಗೆಯ ಮಧುಮೇಹವಿದ್ದ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಯಾದ ನಿಯಂತ್ರಣವು ನರಹಾನಿಯ ಸಾಧ್ಯತೆಯನ್ನು ಸುಮಾರು 60 ಶೇಕಡಾ ತಗ್ಗಿಸಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡನೇ ಬಗೆಯಲ್ಲಿ ಲಾಭ ಅಷ್ಟು ದೊಡ್ಡದಲ್ಲ. ಅಲ್ಲಿ ತೂಕ, ರಕ್ತದೊತ್ತಡ, ಕೊಬ್ಬಿನಂಶ, ಧೂಮಪಾನ ಎಲ್ಲವನ್ನೂ ಜೊತೆಯಲ್ಲೇ ನೋಡಿಕೊಳ್ಳಬೇಕಾಗುತ್ತದೆ.

ಖಾಲಿಹೊಟ್ಟೆಯ ಸಕ್ಕರೆ ಒಂದನ್ನೇ ನಂಬಬಾರದು, ಏಕೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಊಟ ಬಿಟ್ಟು ಅದನ್ನು ತಗ್ಗಿಸಿ ತೋರಿಸುವ ಜಾಣರೂ ಇದ್ದಾರೆ. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಅಂಕ ಬಹುತೇಕ ವಯಸ್ಕರಲ್ಲಿ ಶೇಕಡಾ 7ಕ್ಕಿಂತ ಕಡಿಮೆಯಿರಬೇಕೆಂಬುದು ಸಾಮಾನ್ಯ ಗುರಿ. ಹಿರಿಯರಿಗೂ ಸಕ್ಕರೆ ಪದೇಪದೇ ಕುಸಿಯುವವರಿಗೂ ವೈದ್ಯರು ಇದನ್ನು ಸಡಿಲಿಸುತ್ತಾರೆ. ಬಹುಕಾಲ ಏರಿದ್ದ ಸಕ್ಕರೆಯನ್ನು ಆತುರದಿಂದ ಇಳಿಸುವುದೂ ಸರಿಯಲ್ಲ: ಮೂರು ತಿಂಗಳಲ್ಲಿ ಎಚ್‌ಬಿಎ1ಸಿ ಎರಡು ಶೇಕಡಾ ಅಂಶಗಳಿಗಿಂತ ಹೆಚ್ಚು ಇಳಿದರೆ ಕೆಲವರಲ್ಲಿ ನರಗಳ ನೋವು ಹೊಸದಾಗಿ, ತೀವ್ರವಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದಾಗ ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ವರ್ಷಗಳಿಂದ ಸೇವಿಸುತ್ತಿರುವವರು, ಅದರಲ್ಲೂ ಸಸ್ಯಾಹಾರಿಗಳು, ವಿಟಮಿನ್ ಬಿ12 ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದರ ಕೊರತೆಯಿಂದಲೂ ಇಂಥದೇ ಜೋಮು ಬರುತ್ತದೆ.

ಸ್ಪರ್ಶ ಕುಂದಿದ ಪಾದವನ್ನು ಕಣ್ಣಿನಿಂದಲೇ ಕಾಯಬೇಕು. ದಿನವೂ ರಾತ್ರಿ ಕಾಲು ತೊಳೆದು, ಬೆರಳುಸಂದುಗಳನ್ನು ಒಣಗಿಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಬೊಬ್ಬೆ, ಬಿರುಕು, ಕೆಂಪು ಇವೆಯೇ ಎಂದು ನೋಡಬೇಕು. ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳುಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಚಳಿಗೆ ಬಿಸಿನೀರಿನ ಚೀಲವನ್ನು ಪಾದಕ್ಕೆ ಇಟ್ಟುಕೊಳ್ಳುವುದು ಎರಡೂ ಕೂಡದು. ಮನೆಯೊಳಗೂ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಇರಲಿ. ಹಾಕಿಕೊಳ್ಳುವ ಮೊದಲು ಅದನ್ನು ಕೊಡವಿ ಒಳಗೆ ಕೈಯಾಡಿಸಬೇಕು. ದೇವಸ್ಥಾನದ ಪ್ರದಕ್ಷಿಣೆಯನ್ನು ಕಲ್ಲುಚಪ್ಪಡಿ ಕಾಯುವ ಮೊದಲೇ, ದಪ್ಪ ಕಾಲುಚೀಲ ಧರಿಸಿ ಮುಗಿಸಬೇಕು. ಮಧ್ಯಾಹ್ನ ಸುಟ್ಟದ್ದು ಸಂಜೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದುಂಟು.

ಗಾಯ ಕಂಡರೆ, ಅಥವಾ ನೋವಿಲ್ಲದೆಯೇ ಒಂದು ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬೆಚ್ಚಗಿದ್ದರೆ, ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡನೆಯದು ಸೋಂಕಾಗಿರಬಹುದು, ಇಲ್ಲವೇ ಪಾದದ ಮೂಳೆಗಳು ಒಳಗೇ ಕುಸಿಯುತ್ತಿರುವ ಲಕ್ಷಣವಾಗಿರಬಹುದು.