ಒರಗು ಟ್ರೈಕ್‌ನ ಗೇರ್ ವೈರ್ ಮನೆಯಲ್ಲೇ ಬದಲಿಸಿ: ಔಟರ್ ಕತ್ತರಿಸುವಾಗ ಮಾತ್ರ ಅವಸರ ಬೇಡ

ಗೇರ್ ಹಾಕಿದರೆ ಚೈನು ತಡವರಿಸುತ್ತದೆ. ಕರಕರ ಸದ್ದು ಮಾಡಿ, ಹತ್ತು ಮಾರು ಹೋದ ಮೇಲೆ ಟಕ್ಕಂತ ಬೀಳುತ್ತದೆ. ಆಗ ಎಲ್ಲರೂ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಡಿರೇಲರ್‌ನ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎರಡು ಪುಟ್ಟ ಸ್ಕ್ರೂ ತಿರುಗಿಸಲು ಕೂರುತ್ತಾರೆ. ದಯವಿಟ್ಟು ಅವಕ್ಕೆ ಕೈ ಹಚ್ಚಬೇಡಿ. ಚೈನು ಹಲ್ಲಿನ ಚಕ್ರ ದಾಟಿ ಆಚೆಗೆ ಬೀಳದಂತೆ ತಡೆಯುವ ಗಡಿಕಲ್ಲು ಅವು. ನಿನ್ನೆವರೆಗೂ ಸರಿಯಿದ್ದ ಗೇರ್ ಇವತ್ತು ಕೈಕೊಟ್ಟರೆ ಮೊದಲು ನೋಡಬೇಕಾದ್ದು ವೈರನ್ನು.

ನನ್ನದು ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಚಕ್ರದ ಸೈಕಲ್. ರಿಕಂಬೆಂಟ್ ಟ್ರೈಕ್ ಅಂತಾರೆ. ಮುಂದೆ ಎರಡು ಚಕ್ರ, ಹಿಂದೆ ಒಂದು. ಬೆನ್ನುನೋವು ಬಂದು ಮಾಮೂಲಿ ಸೈಕಲ್ ಬಿಟ್ಟ ಮೇಲೆ ಇದೇ ನನ್ನ ಗಾಡಿ. ಬೆಳಿಗ್ಗೆ ಬಳ್ಳಾರಿಯಿಂದ ಮೋಕಾ ಕಡೆಗೆ ಹೋಗಿ ಬರುತ್ತೇನೆ. ಸೀಟು ನೆಲಕ್ಕೆ ಒಂದಡಿ ಹತ್ತಿರ ಇರುವುದರಿಂದ ಅದಿರು ಲಾರಿಗಳ ಕೆಂಪು ಧೂಳು, ಹೊಲದ ದಾರಿಯ ಎರೆಮಣ್ಣು, ಎಲ್ಲ ನೇರವಾಗಿ ವೈರಿನ ಹೊರಕೊಳವೆಗೇ, ಅಂದರೆ ಔಟರ್‌ಗೇ ಹೊಕ್ಕುತ್ತದೆ. ಸಾಲದ್ದಕ್ಕೆ ಹ್ಯಾಂಡಲ್ ಇರುವುದು ಸೀಟಿನ ಪಕ್ಕ. ಅಲ್ಲಿಂದ ವೈರು ಸೀಟಿನ ಕೆಳಗೆ ಬಾಗಿ, ಫ್ರೇಮ್ ಹಿಡಿದು ಹಿಂದಿನ ಚಕ್ರದವರೆಗೆ ಹೋಗಬೇಕು. ತಿರುವು ಜಾಸ್ತಿ, ಉಜ್ಜಾಟವೂ ಜಾಸ್ತಿ.

ಸಾಮಾನು ತರುವಾಗಲೇ ಅರ್ಧ ಜನ ಎಡವುತ್ತಾರೆ

ಅಂಗಡಿಯಲ್ಲಿ ಸಿಗುವ ಗೇರ್ ವೈರ್ ಸುಮಾರು 2 ಮೀಟರ್ ಉದ್ದ. ಟ್ರೈಕ್‌ಗೆ ಅದು ಸಾಲದು. ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲ್‌ಗೆ ಅಂತ 3 ಮೀಟರಿಗೂ ಉದ್ದದ ವೈರ್ ಬರುತ್ತದೆ, ಅದನ್ನೇ ತರಿಸಿ. ಹಳೆ ವೈರಿನ ಪಕ್ಕ ದಾರ ಹಿಡಿದು ಅಳೆದು, ಇನ್ನೊಂದು ಗೇಣು ಸೇರಿಸಿಕೊಳ್ಳಿ. ಎರಡು ವೈರ್ ಜೋಡಿಸಿ ನಡುವೆ ಸ್ಕ್ರೂ ಬಿಗಿದು ಕೊಡುವವರೂ ಇದ್ದಾರೆ. ಬೇಡ. ಆ ಗಂಟು ಹೋಗಿ ಔಟರ್ ಬಾಯಿಗೆ ತಗುಲಿಕೊಳ್ಳುತ್ತದೆ. ಬೈಕಿನ ಕ್ಲಚ್ ವೈರ್ ಹಾಕುತ್ತೇನೆ ಅಂದರೂ ಒಪ್ಪಬೇಡಿ. ದಪ್ಪವೂ ಬೇರೆ, ತಲೆಯ ಗುಂಡೂ ಬೇರೆ. ಗೇರ್ ವೈರ್ 1.1 ಅಥವಾ 1.2 ಮಿ.ಮೀ. ಇರಬೇಕು. ಸ್ಟೇನ್‌ಲೆಸ್ ಸ್ಟೀಲ್‌ದೇ ಕೊಳ್ಳಿ.

ಔಟರ್ ವಿಷಯದಲ್ಲಿ ನನಗೇ ಪೆಟ್ಟು ಬಿದ್ದಿದೆ. ಒಂದು ಅಂಗಡಿಯಲ್ಲಿ ಬ್ರೇಕಿನ ಔಟರ್ ಹಾಕಿಕೊಟ್ಟರು. ಹ್ಯಾಂಡಲ್ ತಿರುಗಿಸಿದಾಗೆಲ್ಲ ಗೇರ್ ತಾನೇ ಬದಲಾಗುತ್ತಿತ್ತು. ವಾಪಸ್ ಹೋದರೆ, "ಅಣ್ಣಾ, ಇದು ಸೆಟ್ ಆಗಲ್ಲ, ಡಿರೇಲರ್ರೇ ಚೇಂಜ್ ಮಾಡ್ಬೇಕು" ಅಂದ ಹುಡುಗ. ಡಿರೇಲರ್ ಚೆನ್ನಾಗಿಯೇ ಇತ್ತು. ಗುರುತು ಹಿಡಿಯುವುದು ಸುಲಭ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸೂಜಿಮೊನೆಯಂಥ ಚುಕ್ಕೆಗಳು ಸಾಲಾಗಿ ಕಂಡರೆ ಅದು ಗೇರಿನದು. ಅದರೊಳಗಿನ ತಂತಿಗಳು ಉದ್ದುದ್ದಕ್ಕೆ ಹೋಗಿರುತ್ತವೆ, ಎಳೆದರೂ ಔಟರ್ ಕುಗ್ಗುವುದಿಲ್ಲ. ಬ್ರೇಕಿನದರಲ್ಲಿ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ, ಬಾಗಿದಾಗ ಅದರ ಉದ್ದ ಬದಲಾಗುತ್ತದೆ. ಒಂಬತ್ತು ಗೇರಿನ ಶಿಫ್ಟರ್ (ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಭಾಗ) ಒಂದು ಕ್ಲಿಕ್ಕಿಗೆ ಎಳೆಯುವುದು ಸುಮಾರು ಎರಡೂವರೆ ಮಿ.ಮೀ. ವೈರು ಮಾತ್ರ. ಅದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಚೈನು ತನ್ನ ಜಾಗದಲ್ಲಿ ಕೂರದು. ಹಾಗಂತ ಗೇರಿನ ಔಟರನ್ನು ಬ್ರೇಕಿಗೆ ಹಾಕಲೇಬಾರದು. ಜೋರಾಗಿ ಬ್ರೇಕ್ ಹಿಡಿದರೆ ಅದು ಸೀಳಿ ಹೋಗಬಹುದು.

ಇನ್ನು ಬೇಕಾದ್ದು 5 ಮಿ.ಮೀ. ಅಲನ್ ಕೀ, ಕೇಬಲ್ ಕಟರ್, ಸಣ್ಣ ಅರ, ಔಟರ್ ತುದಿಗೆ ಹಾಕುವ ಕ್ಯಾಪ್‌ಗಳು ಮತ್ತು ಚೀಲ ಹೊಲಿಯುವ ದಬ್ಬಣ. ಒರೆಸಲು ಬಟ್ಟೆ. ಜೀನ್ಸ್ ಹೊಲಿಯುವ ಊರಲ್ಲಿ ಕಟಿಂಗ್ ಚೂರುಗಳಿಗೆ ಬರವೇ?

ಬಿಚ್ಚುವುದು

ಪಾರ್ಕಿಂಗ್ ಬ್ರೇಕ್ ಹಾಕಿ, ಸೀಟಿನ ಹಿಂದೆ ಫ್ರೇಮ್ ಕೆಳಗೆ ಪುಟ್ಟ ಸ್ಟೂಲ್ ಕೊಟ್ಟು ಹಿಂದಿನ ಚಕ್ರ ಎತ್ತಿ. ವೈರ್ ಹೋದ ದಾರಿಯನ್ನು ಮೊಬೈಲ್‌ನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಿ. ಪೆಡಲ್ ತುಳಿಯುತ್ತಾ ಚೈನನ್ನು ಅತಿ ಸಣ್ಣ ಹಲ್ಲಿನ ಚಕ್ರಕ್ಕೆ ಇಳಿಸಿ. ಡಿರೇಲರ್ ಮೇಲೆ ವೈರನ್ನು ಹಿಡಿದಿರುವ ಬೋಲ್ಟ್ ಸಡಿಲಿಸಿ, ಬಿಚ್ಚಿಹೋದ ತುದಿ ಕತ್ತರಿಸಿ, ಶಿಫ್ಟರ್ ಕಡೆಯಿಂದ ವೈರನ್ನು ತಳ್ಳಿ ತೆಗೆಯಿರಿ. ಶಿಫ್ಟರ್ ಒಳಗೆ ವೈರ್ ತುಂಡಾಗಿದ್ದರೆ ಅದರ ತಲೆ ಅಲ್ಲೇ ಉಳಿದಿರುತ್ತದೆ. ದಬ್ಬಣದಿಂದ ಮೀಟಿ ತೆಗೆಯದೆ ಹೊಸದನ್ನು ತೂರಿಸಬೇಡಿ.

ಹಳೆ ಔಟರ್ ಹಾಗೇ ಇರಲಿ, ಬರೀ ವೈರ್ ಬದಲಿಸೋಣ ಅನ್ನಿಸುತ್ತದೆ, ಅಲ್ವಾ? ನಾನು ಹಾಗೆ ಮಾಡುವುದಿಲ್ಲ. ನಮ್ಮ ಧೂಳಿನಲ್ಲಿ ಓಡಿದ ಔಟರ್ ಒಳಗೆ ಅರದ ಕಾಗದ ಇಟ್ಟಂತೆ. ಎರಡನ್ನೂ ಒಟ್ಟಿಗೇ ಬದಲಿಸಿ.

ಔಟರ್ ಕತ್ತರಿಸುವುದು

ಕೆಲಸ ಕೆಡುವುದು ಇಲ್ಲಿ. ನಿಧಾನವಾಗಿ ಮಾಡಿ.

ಮೊದಲು ಉದ್ದ. ಹಳೆ ತುಂಡು ಸರಿಯಿದ್ದರೆ ಅದನ್ನೇ ಪಕ್ಕಕ್ಕಿಟ್ಟು ಅಳೆಯಿರಿ. ಆದರೆ ಕತ್ತರಿಸುವ ಮುಂಚೆ ಹೊಸ ಔಟರನ್ನು ಫ್ರೇಮಿಗೆ ಹಿಡಿದು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡು ಕಡೆಯೂ ಔಟರ್ ಬಿಗಿಯಬಾರದು, ಚಕ್ರಕ್ಕೂ ತಾಗಬಾರದು. ಟ್ರೈಕ್ ಮಡಚುವಂಥದ್ದಾದರೆ ಮಡಚಿಯೂ ನೋಡಿ. ಡಿರೇಲರ್ ಹತ್ತಿರದ ಕೊನೆಯ ಕುಣಿಕೆ ದುಂಡಗೆ, ಸಲೀಸಾಗಿ ಬರಬೇಕು. ಗಿಡ್ಡ ಮಾಡಿದರೆ ವೈರು ಮೂಲೆ ತಿರುಗಲು ಒದ್ದಾಡುತ್ತದೆ. ಉದ್ದ ಬಿಟ್ಟರೆ ಜೋತುಬಿದ್ದು ಧೂಳು ತುಂಬುತ್ತದೆ.

ಈಗ ಕತ್ತರಿ. ಕಟಿಂಗ್ ಪ್ಲೇಯರ್ ಬಳಸಿದರೆ ಔಟರ್ ಜಜ್ಜಿ ಚಪ್ಪಟೆಯಾಗುತ್ತದೆ. ಕೇಬಲ್ ಕಟರ್ ಕೊಳ್ಳಿ, ಹತ್ತು ವರ್ಷ ಬರುತ್ತದೆ. ಔಟರ್ ಒಳಗೆ ಹಳೆ ವೈರಿನ ತುಂಡೊಂದನ್ನು ತೂರಿಸಿಯೇ ಒಂದೇ ಏಟಿಗೆ ಕತ್ತರಿಸಿ. ಒಳಗೆ ಆಸರೆ ಇರುವುದರಿಂದ ಬಾಯಿ ಅಷ್ಟಾಗಿ ಮುಚ್ಚಿಕೊಳ್ಳುವುದಿಲ್ಲ. ಆಮೇಲೆ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಓರೆಯಾಗಿದ್ದರೆ, ಒಂದು ತಂತಿ ಎದ್ದಿದ್ದರೆ, ಅರದಿಂದ ಉಜ್ಜಿ ಸಮ ಮಾಡಿ. ಚುಕ್ಕೆಗಳೆಲ್ಲ ಒಂದೇ ಮಟ್ಟಕ್ಕೆ ಹೊಳೆಯಬೇಕು. ಕೊನೆಗೆ ದಬ್ಬಣದ ಮೊನೆ ಹಾಕಿ ಒಳಗಿನ ಬಿಳಿ ಪ್ಲಾಸ್ಟಿಕ್ ಕೊಳವೆಯ ಬಾಯಿಯನ್ನು ಮೆಲ್ಲಗೆ ತಿರುಗಿಸಿ ದುಂಡಗೆ ಬಿಡಿಸಿ. ಈ ಕೆಲಸ ಬಿಟ್ಟವರ ಗಾಡಿಯಲ್ಲೇ ಹೊಸ ವೈರೂ ಹಳೆಯದರಂತೆ ಹಿಡಿದುಕೊಳ್ಳುತ್ತದೆ.

ತುದಿಗಳಿಗೆ ಕ್ಯಾಪ್ ಹಾಕಿ. ಒಳಗೆ ಎಣ್ಣೆ, ಗ್ರೀಸ್ ಏನೂ ಬೇಡ. ಕೊಬ್ಬರಿ ಎಣ್ಣೆ ಬಿಡುವವರನ್ನು ನೋಡಿದ್ದೇನೆ. ನಾಲ್ಕೇ ದಿನಕ್ಕೆ ಧೂಳು ಸೇರಿ ಗಟ್ಟಿ ರಾಡಿಯಾಗುತ್ತದೆ. ಒಳಕೊಳವೆ ಇರುವ ಔಟರ್ ಒಣಗಿದ್ದರೇ ಒಳ್ಳೆಯದು.

ವೈರ್ ಕಟ್ಟಿ, ಸೆಟ್ ಮಾಡುವುದು

ವೈರನ್ನು ಶಿಫ್ಟರ್‌ನಿಂದ ತೂರಿಸುತ್ತಾ ಬನ್ನಿ, ನೆಲಕ್ಕೆ ತಾಗಿಸಬೇಡಿ. ಡಿರೇಲರ್‌ನ ಬ್ಯಾರಲ್ ಅಡ್ಜಸ್ಟರನ್ನು (ವೈರಿನ ಬಿಗಿ ಹೊಂದಿಸಲು ಕೈಯಲ್ಲೇ ತಿರುಗಿಸುವ ತಿರುಪು) ಪೂರ್ತಿ ಒಳಕ್ಕೆ ತಿರುಗಿಸಿ, ಒಂದು ಸುತ್ತು ಹೊರಗೆ ಬಿಡಿ. ವೈರನ್ನು ಕೈಯಿಂದ ಬಿಗಿಯಾಗಿ ಹಿಡಿದು ಬೋಲ್ಟ್ ಕಟ್ಟಿ. ಪ್ಲೇಯರ್‌ನಲ್ಲಿ ಜಗ್ಗುವ ಅಗತ್ಯವಿಲ್ಲ. ಆಮೇಲೆ ಫ್ರೇಮ್ ಮೇಲೆ ಬರಿದಾಗಿ ಕಾಣುವ ಕಡೆ ವೈರನ್ನು ಎರಡು ಮೂರು ಸಲ ಗಟ್ಟಿಯಾಗಿ ಎಳೆಯಿರಿ. ಔಟರ್‌ಗಳು ಕ್ಯಾಪಿನೊಳಗೆ ಕೂತು ವೈರು ಸಡಿಲಾಗುತ್ತದೆ. ಬೋಲ್ಟ್ ಬಿಚ್ಚಿ ಮತ್ತೆ ಕಟ್ಟಿ.

ಮುಂದಿನದಕ್ಕೆ ಒಬ್ಬರ ಸಹಾಯ ಬೇಕೇ ಬೇಕು. ಮಾಮೂಲಿ ಸೈಕಲ್‌ನಲ್ಲಿ ಒಂದು ಕೈಲಿ ಪೆಡಲ್ ತಿರುಗಿಸಿ ಡಿರೇಲರ್ ನೋಡಬಹುದು. ಇಲ್ಲಿ ಪೆಡಲ್ ಒಂದು ತುದಿಗೆ, ಡಿರೇಲರ್ ಇನ್ನೊಂದು ತುದಿಗೆ. ನಾನು ಮಗಳನ್ನು ಸೀಟಿನಲ್ಲಿ ಕೂರಿಸುತ್ತೇನೆ. "ಅಪ್ಪಾ, ಏರಿಸ್ಲಾ?" ಅಂತ ಕೇಳಿ ಒಂದೊಂದೇ ಕ್ಲಿಕ್ ಹಾಕುತ್ತಾಳೆ. ನಾನು ಹಿಂದೆ ಕೂತು ನೋಡುತ್ತೇನೆ, ಬೆರಳನ್ನು ಚೈನಿನಿಂದ ದೂರ ಇಟ್ಟುಕೊಂಡು.

ದೊಡ್ಡ ಹಲ್ಲಿನ ಚಕ್ರಕ್ಕೆ ಏರಲು ಚೈನು ತಡವರಿಸಿದರೆ ಬ್ಯಾರಲನ್ನು ಹೊರಕ್ಕೆ ಕಾಲು ಸುತ್ತು ತಿರುಗಿಸಿ. ಅಂದರೆ ವೈರ್ ಬಿಗಿಯಾಗುತ್ತದೆ. ಸಣ್ಣದಕ್ಕೆ ಇಳಿಯಲು ತಡ ಮಾಡಿದರೆ ಒಳಕ್ಕೆ ಕಾಲು ಸುತ್ತು. ಪ್ರತಿ ಸಲವೂ ಎಲ್ಲ ಗೇರ್ ಏರಿಸಿ ಇಳಿಸಿ ನೋಡಿ. ಐದಾರು ಸಲದಲ್ಲಿ ಕರಕರ ಹೋಗಿ ಚೈನು ಸುಮ್ನೆ ಓಡುತ್ತದೆ.

ಬೋಲ್ಟಿನಾಚೆ ಮೂರು ಬೆರಳಷ್ಟು ಬಿಟ್ಟು ವೈರ್ ಕತ್ತರಿಸಿ, ತುದಿಗೆ ಕ್ಯಾಪ್ ಒತ್ತಿ. ಕ್ಯಾಪ್ ಇಲ್ಲದಿದ್ದರೆ ಒಂದು ಹನಿ ಫೆವಿಕ್ವಿಕ್ ಹಾಕಿ, ಎಳೆ ಬಿಚ್ಚುವುದಿಲ್ಲ. ಸೀಟಿನ ಕೆಳಗೆ ಪ್ಲಾಸ್ಟಿಕ್ ಟೈ ಹಾಕುವಾಗ ಔಟರ್ ಆಡುವಷ್ಟು ಸಡಿಲ ಬಿಡಿ.

ಮೊದಲ ಎರಡು ಮೂರು ಸವಾರಿಯಲ್ಲಿ ಗೇರ್ ಮತ್ತೆ ಸ್ವಲ್ಪ ತಡವರಿಸಬಹುದು. ಔಟರ್ ಇನ್ನೂ ಕೂರುತ್ತಿದೆ ಅಷ್ಟೇ. ದಾರಿ ಬದಿಗೆ ನಿಲ್ಲಿಸಿ, ಇಳಿದು, ಬ್ಯಾರಲನ್ನು ಹೊರಕ್ಕೆ ಕಾಲು ಸುತ್ತು ತಿರುಗಿಸಿ.