ಬಸ್ಸಿನಲ್ಲಿ ಹೋಗಿ ಬಂದ ನನ್ನ ರಕ್ತ

ತುಮಕೂರಿನಲ್ಲೇ ಕೂತು ರಕ್ತದಿಂದ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆಯುತ್ತೇನೆ ಅಂದಾಗ ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ನಗದವರು ಕಡಿಮೆ. "ಅಲ್ಲಿ ಹುಡ್ ಇಲ್ಲ, ಸಿಓಟು ಇನ್‌ಕ್ಯುಬೇಟರ್ ಇಲ್ಲ, ಕರೆಂಟನ್ನೂ ನಂಬೋ ಹಾಗಿಲ್ಲ. ರಕ್ತಾನೇ ಇಲ್ಲಿಗೆ ತರಿಸ್ಕೊಳಮ್ಮ" ಅಂದರು ನಮ್ಮ ಸರ್. ಅಲ್ಲಿ ಕೆಲಸ ಶುರುವಾಗಿ ಈಗ ಒಂದೂವರೆ ವರ್ಷವಾಗಿದೆ. ನಲವತ್ತಕ್ಕಿಂತ ಜಾಸ್ತಿ ರೋಗಿಗಳು, ಹೆಚ್ಚುಕಮ್ಮಿ ಅಷ್ಟೇ ಕಂಟ್ರೋಲ್‌ಗಳು (ಹೋಲಿಕೆಗೆಂದು ರಕ್ತ ಕೊಡುವವರು). ಪ್ಯೂರಿಟಿ, ಅಂದರೆ ಬೇರ್ಪಡಿಸಿದ ಕಣಗಳಲ್ಲಿ ನ್ಯೂಟ್ರೋಫಿಲ್ ಪಾಲು, ನೂರಕ್ಕೆ 95ರ ಕೆಳಗೆ ಇಳಿದದ್ದು ಮೂರೋ ನಾಲ್ಕೋ ಸಲ, ಅಷ್ಟೇ. ಮೊದಲು ನಕ್ಕವರೇ ಈಗ ಪ್ರೋಟೊಕಾಲ್ ಕೇಳುತ್ತಿದ್ದಾರೆ.

ನಮ್ಮ ಕೆಲಸ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೆ. ನ್ಯೂಟ್ರೋಫಿಲ್ ರೋಗಾಣು ಹಿಡಿಯಲು ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎಸೆಯುತ್ತದೆ ಅಂತ ಬರ್ಲಿನ್ನಿನವರು 2004ರಲ್ಲಿ ತೋರಿಸಿದರು. ಸಕ್ಕರೆ ಕಾಯಿಲೆಯಲ್ಲಿ ಈ ಕಣ ಬಲೆ ಬಿಡಲು ಮೊದಲೇ ಸಜ್ಜಾಗಿರುತ್ತದೆ, ಅದರಿಂದ ಗಾಯ ಮಾಯುವುದು ತಡವಾಗುತ್ತದೆ ಅಂತ ಬೋಸ್ಟನ್ನಿನವರು 2015ರಲ್ಲಿ ಬರೆದರು. ನಮ್ಮ ಕಡೆಯ ರೋಗಿಗಳಲ್ಲೂ ಹಾಗೇನಾ ಅನ್ನುವುದು ನನ್ನ ಪ್ರಶ್ನೆ.

ಅದಕ್ಕೂ ಮುಂಚೆ, ಪ್ರಾಜೆಕ್ಟಿನ ಮೊದಲ ವರ್ಷ, ಎಲ್ಲರೂ ಮಾಡುವ ಹಾಗೇ ಮಾಡಿದೆ. ಬೆಳಿಗ್ಗೆ ತುಮಕೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು, ಟ್ಯೂಬಿಗೆ ಹತ್ತಿ ಸುತ್ತಿ ಡಬ್ಬಿಯೊಳಗೆ ಡಬ್ಬಿ ಇಟ್ಟು, ಐಸ್ ಹಾಕಿ ಬಸ್ಸಿನಲ್ಲಿ ಬೆಂಗಳೂರಿಗೆ ತರುವುದು. ಎಪ್ಪತ್ತು ಕಿಲೋಮೀಟರ್ ಅಂದರೂ ಬಾಗಿಲಿಂದ ಬಾಗಿಲಿಗೆ ಮೂರು ಗಂಟೆ. ಕಂಡಕ್ಟರ್ ಒಮ್ಮೆ "ಏನಮ್ಮಾ ಇದು, ಮೀನಾ?" ಅಂತಲೂ ಕೇಳಿದ್ದರು. ಕಂಟ್ರೋಲ್ ರಕ್ತ ಮಾತ್ರ ಲ್ಯಾಬಿನ ಹುಡುಗರದ್ದು. ಕುರ್ಚಿಯಲ್ಲಿ ಕೂರಿಸಿ ತೆಗೆದರೆ ಐದು ನಿಮಿಷದಲ್ಲಿ ಬೆಂಚಿನ ಮೇಲೆ.

ರಿಸಲ್ಟ್ ಏನು ಚೆಂದ ಬಂತು ಅಂತೀರಿ! ರೋಗಿಗಳ ಕಣಗಳಲ್ಲಿ ಸಿಡಿ62ಎಲ್ ಉದುರಿಹೋಗಿತ್ತು, ಸಿಡಿ11ಬಿ ಏರಿತ್ತು (ಎರಡೂ ಕಣದ ಮೈಮೇಲಿನ ಪ್ರೋಟೀನ್, ಹೀಗಾದರೆ ಕಣ ಕೆರಳಿದೆ ಅಂತ ಅರ್ಥ), ಕೆರಳಿಸಲು ಏನೂ ಹಾಕದೆಯೇ ಬಲೆ ಬಿಡುತ್ತಿದ್ದವು. ಸರ್ ಸ್ಲೈಡ್ ಕೂಡ ಮಾಡಿಬಿಟ್ಟಿದ್ದರು. ನೀವು ಇಷ್ಟು ಹೊತ್ತಿಗೆ ನಗುತ್ತಿರಬಹುದು. ನಮಗೆ ಹೊಳೆಯಲು ಹತ್ತು ತಿಂಗಳು ಬೇಕಾಯಿತು.

ಒಂದು ಶನಿವಾರ ನನ್ನದೇ ರಕ್ತ ಕೊಟ್ಟೆ. ಅರ್ಧ ಬೆಂಚಿನ ಮೇಲೆ. ಉಳಿದರ್ಧ ಐಸ್ ಡಬ್ಬಿಯಲ್ಲಿ ನನ್ನ ಜೊತೆಗೇ ಮೆಜೆಸ್ಟಿಕ್‌ನಿಂದ ತುಮಕೂರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು, ವಾಪಸ್. (ಶಕ್ತಿ ಯೋಜನೆಯಿಂದ ಟಿಕೆಟ್ ಫ್ರೀ. ಈ ಪ್ರಾಜೆಕ್ಟಿನಲ್ಲಿ ದುಡ್ಡಿಲ್ಲದೆ ಆದ ಪ್ರಯೋಗ ಇದೊಂದೇ.) ಬೆಂಚಿನ ಮೇಲಿದ್ದ ರಕ್ತ ತಣ್ಣಗೆ ಕೂತಿತ್ತು. ಬಸ್ಸಿನಲ್ಲಿ ಹೋಗಿ ಬಂದದ್ದನ್ನು ಫ್ಲೋ ಸೈಟೊಮೀಟರಿಗೆ (ಕಣಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಹಾಕಿದರೆ ಥೇಟ್ ನಮ್ಮ ರೋಗಿಗಳ ಹಾಗೇ ಕಾಣುತ್ತಿತ್ತು. ನನಗೆ ಸಕ್ಕರೆ ಕಾಯಿಲೆ ಇಲ್ಲ. ಬಸ್ಸಿನಲ್ಲಿ ಬಂತು.

ಸೋಮವಾರ ಸರ್‌ಗೆ ಹೇಳಿದಾಗ ಅವರು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಸ್ಲೈಡ್ ಡಿಲೀಟ್ ಮಾಡಿದರು. ಆಂಟಿಬಾಡಿ, ಫೈಕಾಲ್ (ಕಣಗಳನ್ನು ಬೇರ್ಪಡಿಸುವ ದ್ರವ), ಟ್ಯೂಬು ಎಲ್ಲಾ ಸೇರಿ ಆರೇಳು ಲಕ್ಷ ಆ ಹತ್ತು ತಿಂಗಳಲ್ಲಿ ಹೋಗಿತ್ತು.

ತಪ್ಪು ಎರಡು ಕಡೆ ಇತ್ತು. ಒಂದು ಐಸ್. ರಕ್ತ ಅಂದರೆ ಐಸ್ ಅಂತ ಕೈಗೆ ಅಭ್ಯಾಸವಾಗಿಬಿಟ್ಟಿದೆ. ನ್ಯೂಟ್ರೋಫಿಲ್ ತಣ್ಣಗಾಗಿ ಮತ್ತೆ ಬೆಚ್ಚಗಾದರೆ ಅದಷ್ಟಕ್ಕೇ ಕೆರಳುತ್ತದೆ. ಇನ್ನೊಂದು ಕುಲುಕಾಟ ಮತ್ತು ಹೊತ್ತು. ಐಸ್ ಬಿಟ್ಟು ರೂಮ್ ಟೆಂಪರೇಚರಿನಲ್ಲಿ ತಂದು ನೋಡಿದೆ, ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಲ್ಯಾಬೇ ಅಲ್ಲಿಗೆ ಹೋಗಬೇಕಿತ್ತು.

ನ್ಯೂಟ್ರೋಫಿಲ್ ಬೇರ್ಪಡಿಸುವ ರೆಡಿ ಕಿಟ್ ತಗೊಳ್ಳಿ ಅಂದವರು ಬಹಳ ಜನ. ಮ್ಯಾಗ್ನೆಟ್ ಕಿಟ್‌ಗೆ ಆಗ ಒಂದು ಲಕ್ಷದ ಹತ್ತಿರ ಕೋಟ್ ಬಂದಿತ್ತು, ಒಂದು ಸ್ಯಾಂಪಲ್‌ಗೆ ನಾಲ್ಕೈದು ಸಾವಿರ ಬೀಳುತ್ತಿತ್ತು. ನಾನು ಹಳೇ ಡೆಕ್ಸ್‌ಟ್ರಾನ್ (ಕೆಂಪು ಕಣಗಳನ್ನು ಬೇಗ ತಳಕ್ಕಿಳಿಸುವ ದ್ರಾವಣ) ದಾರಿ ಹಿಡಿದೆ. ಆಸ್ಪತ್ರೆಯವರು ಸ್ಟೋರ್ ರೂಮಿನ ಪಕ್ಕ ಒಂದು ಕೋಣೆ ಕೊಟ್ಟರು. ಟ್ಯೂಬುಗಳನ್ನು ಗರಗರ ತಿರುಗಿಸುವ ಸೆಕೆಂಡ್ ಹ್ಯಾಂಡ್ ಸ್ವಿಂಗ್ ಬಕೆಟ್ ಸೆಂಟ್ರಿಫ್ಯೂಜ್ ಮೂವತ್ತೈದು ಸಾವಿರಕ್ಕೆ ಸಿಕ್ಕಿತು. ಬ್ರೇಕ್ ಆಫ್ ಮಾಡಲು (ಗಕ್ಕನೆ ನಿಂತರೆ ಪದರ ಕಲಕುತ್ತದೆ) ಬಟನ್ ಇರಲಿಲ್ಲ, ಮೆಕ್ಯಾನಿಕ್ ಕರೆಸಿ ವೈರ್ ತೆಗೆಸಿದೆ. ಹಸಿರು ಮುಚ್ಚಳದ ಟ್ಯೂಬಿನ (ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುವುದು) ರಕ್ತಕ್ಕೆ ಸಮಸಮ ಮೂರು ಪರ್ಸೆಂಟ್ ಡೆಕ್ಸ್‌ಟ್ರಾನ್, ಇಪ್ಪತ್ತೈದು ನಿಮಿಷ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿಹಳದಿ ಭಾಗ ಫೈಕಾಲ್ ಮೇಲೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ನ್ಯೂಟ್ರೋಫಿಲ್ ಜೊತೆಗೆ ಉಳಿದ ಕೆಂಪು ಕಣವೂ ತಳಕ್ಕಿಳಿಯುತ್ತದೆ. ಆ ಕೆಂಪು ಕಣ ಒಡೆಯುವಾಗ 25 ಸೆಕೆಂಡ್ ದಾಟಬೇಡಿ. ಪಾಲಿಸ್ಟೈರೀನ್ ಟ್ಯೂಬ್ ಬೇಡ, ಗೋಡೆಗೆ ಅಂಟುತ್ತವೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಕೊನೇ ಗಳಿಗೆಯಲ್ಲಿ, ಇಲ್ಲದಿದ್ದರೆ ಮುದ್ದೆ ಕಟ್ಟುತ್ತದೆ.

ಕಣಗಳನ್ನು ಮೈಬಿಸಿಯಲ್ಲಿ ಇಡುವ ಇನ್‌ಕ್ಯುಬೇಟರ್ ವಿಷಯ ಕೇಳಿ ಈಗಲೂ ಕೆಲವರು ನಂಬುವುದಿಲ್ಲ. ಕೋಳಿ ಮೊಟ್ಟೆ ಮರಿ ಮಾಡುವ ಪೆಟ್ಟಿಗೆ ಬರುತ್ತದಲ್ವಾ, ಅದು ಓಡುವುದೇ 37.5 ಡಿಗ್ರಿಯಲ್ಲಿ. ಐದು ಸಾವಿರದೊಳಗೆ ಬಂತು. ಮೊಟ್ಟೆ ತಿರುಗಿಸುವ ಮೋಟರ್ ಕಿತ್ತುಹಾಕಿ, ಅರ್ಧ ಡಿಗ್ರಿ ಇಳಿಸಿ, ಥರ್ಮಾಮೀಟರ್ ಇಟ್ಟು ಒಂದು ವಾರ ನೋಡಿದೆ. ಕದಲಲಿಲ್ಲ. ಸಿಓಟು ಇಲ್ಲ ನಿಜ, ಮೀಡಿಯಂಗೆ ಹೆಪೀಸ್ (ಹುಳಿ-ಕ್ಷಾರದ ಹದ ಕಾಯುವ ರಾಸಾಯನಿಕ) ಹಾಕಿದರೆ ನಾಲ್ಕು ಗಂಟೆಯ ಬಲೆ ಪ್ರಯೋಗಕ್ಕೆ ಸಾಕು. ಸೀರಂ ಹಾಕಬೇಡಿ, ಅದರ ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ನಿಮ್ಮ ಬಲೆಯನ್ನೇ ತಿಂದುಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಎರಡು ತಿಂಗಳು ಸೋಲೇ. ಈ ಸಲ ಕಂಟ್ರೋಲ್‌ಗಳೂ ಕೆರಳಿದ್ದವು. ಮೊಟ್ಟೆ ಪೆಟ್ಟಿಗೆಯನ್ನು ಎಲ್ಲರೂ ಬೈದರು, ನಾನೂ ಬೈದೆ. ಪಾಪ, ಅದರ ತಪ್ಪಿರಲಿಲ್ಲ. ಕಣ ತೊಳೆಯಲು ನಾನೇ ಕಾಯಿಸಿ ಮಾಡಿದ ಬಫರ್ ದ್ರಾವಣದ್ದು! ಆಟೋಕ್ಲೇವ್ ಬ್ಯಾಕ್ಟೀರಿಯಾ ಸಾಯಿಸುತ್ತದೆ, ಅದರ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ಹಾಗೇ ಉಳಿಯುತ್ತದೆ. ನ್ಯೂಟ್ರೋಫಿಲ್‌ಗೆ ಅದರ ವಾಸನೆ ಬಡಿದರೂ ಸಾಕು. ಓದಿದ್ದೆ, ಬರೆದಿದ್ದೆ, ಪರೀಕ್ಷೆಯಲ್ಲಿ ಮಾರ್ಕ್ಸೂ ತಗೊಂಡಿದ್ದೆ. ಪರಿಹಾರ ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿನಲ್ಲಿತ್ತು. ರೋಗಿಗೆ ಏರಿಸುವ ನಾರ್ಮಲ್ ಸಲೈನ್ ಬಾಟ್ಲಿ, ಐವತ್ತು ರೂಪಾಯಿಯೂ ಇಲ್ಲ. ನರಕ್ಕೆ ಹೋಗುವ ದ್ರವ, ಎಂಡೋಟಾಕ್ಸಿನ್ ಟೆಸ್ಟ್ ಆಗಿಯೇ ಬಂದಿರುತ್ತದೆ. ತೊಳೆಯುವುದಕ್ಕೆಲ್ಲ ಅದೇ. ಆ ವಾರದಿಂದ ಕಂಟ್ರೋಲ್ ಕಣಗಳು ಮಲಗಿದ ಮಗುವಿನ ಹಾಗೆ.

ಫ್ಲೋ ಸೈಟೊಮೀಟರ್ ತುಮಕೂರಿಗೆ ಹೊತ್ತುಕೊಂಡು ಹೋಗಲಾಗದು. ಅದಕ್ಕೆ ನೂರು ಮೈಕ್ರೋಲೀಟರ್ ರಕ್ತವನ್ನು ಬೇರ್ಪಡಿಸದೆ, ತೆಗೆದ ಹತ್ತು ನಿಮಿಷದಲ್ಲಿ ಅಲ್ಲೇ ಸ್ಟೇನ್ ಮಾಡಿ, ಫಿಕ್ಸ್ ಮಾಡಿ (ರಾಸಾಯನಿಕ ಹಾಕಿ ಕಣಗಳನ್ನು ಇದ್ದಂತೆಯೇ ನಿಲ್ಲಿಸಿ) ಬೆಂಗಳೂರಿಗೆ ತರುತ್ತೇನೆ. ಫಿಕ್ಸ್ ಆದದ್ದು ಬಸ್ಸಿಗೆ ಹೆದರುವುದಿಲ್ಲ. ಬಲೆಯ ಕವರ್‌ಸ್ಲಿಪ್‌ಗಳೂ (ಬಲೆ ಬಿಟ್ಟ ಕಣ ಅಂಟಿರುವ ತೆಳು ಗಾಜು) ಹಾಗೇ. ಡೆಕ್ಸ್‌ಟ್ರಾನ್ ಆದ ಮೇಲೆ ಫೈಕಾಲ್‌ಗೆ ಮುಂಚೆ ನಾನೊಂದು ಸಣ್ಣ ಕೆಲಸ ಮಾಡುತ್ತೇನೆ, ಕಣ ಸಿಗುವುದು ಸುಮಾರು ಕಾಲುಭಾಗ ಜಾಸ್ತಿಯಾಗುತ್ತದೆ. ಅದನ್ನು ಇಲ್ಲಿ ಹೇಳಲ್ಲ. ಪೇಪರ್ ಬರಲಿ.

ಸುಮ್ನೆ ಇರಲಾರದೆ ಮಾಡಿದ್ದೂ ಒಂದೆರಡಿದೆ. ನ್ಯೂಟ್ರೋಫಿಲ್ ಫ್ರೀಜ್ ಮಾಡಿ ಇಡೋಣ ಅಂತ ಮೂರು ಬಗೆಯಲ್ಲಿ ನೋಡಿದೆ. ಕರಗಿಸಿದಾಗ ಸಿಕ್ಕಿದ್ದು ಡಿಎನ್‌ಎ ಲೋಳೆ, ಪಿಪೆಟ್ಟಿಗೆ ಎಳೆದರೆ ದಾರದ ಹಾಗೆ ಬರುತ್ತಿತ್ತು. ಇನ್ನೊಂದು ಸಲ, ಒಬ್ಬ ಕಂಟ್ರೋಲ್ ಹುಡುಗನ ಕೌಂಟ್ ವಿಪರೀತ ಜಾಸ್ತಿ ಬಂತು. ಸೋಂಕಿರಬೇಕು ಅಂತ ಬಿಡುವವಳಿದ್ದೆ. ಲಿಫ್ಟ್ ಕೆಟ್ಟು ಮೂರು ಮಹಡಿ ಓಡಿ ಹತ್ತಿ ಬಂದಿದ್ದನಂತೆ! ಓಡಿದರೆ ರಕ್ತನಾಳದ ಗೋಡೆಗೆ ಅಂಟಿಕೊಂಡವೆಲ್ಲ ಬಿಟ್ಟು ಹರಿಯುತ್ತವೆ. ಆವತ್ತಿನಿಂದ ಎಲ್ಲರೂ ಅರ್ಧ ಗಂಟೆ ಕೂತ ಮೇಲೇ ಸೂಜಿ. ಇಯೊಸಿನೊಫಿಲ್ ಅನ್ನುವ ಇನ್ನೊಂದು ಬಿಳಿ ಕಣದ ಕಾಟವೂ ಇದೆ, ಅವು ಫೈಕಾಲ್‌ನಲ್ಲಿ ನ್ಯೂಟ್ರೋಫಿಲ್ ಜೊತೆಗೇ ಕೆಳಗಿಳಿಯುತ್ತವೆ. ಹೊಟ್ಟೆಹುಳು, ಅಲರ್ಜಿ ಇರುವವರಲ್ಲಿ ಪ್ಯೂರಿಟಿ ಬಿದ್ದದ್ದು ಇವುಗಳಿಂದಲೇ. ಸಿಡಿ16 ಆಂಟಿಬಾಡಿ (ನ್ಯೂಟ್ರೋಫಿಲ್‌ಗೆ ಅಂಟುತ್ತದೆ, ಇವಕ್ಕಲ್ಲ) ಹಾಕಿದರೆ ಬೇರೆಯಾಗಿ ಕಾಣುತ್ತವೆ.

ಈಗ ಕಂಟ್ರೋಲ್ ಕೂಡ ಅದೇ ಆಸ್ಪತ್ರೆಯಲ್ಲಿ, ಅದೇ ಬೆಳಿಗ್ಗೆ. ಹೆಚ್ಚಿನವರು ರೋಗಿಗಳ ಜೊತೆ ಬಂದ ನೆಂಟರು. ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ ಹಾಕಿದ್ದರಲ್ಲೇ ನಾಲ್ಕು ತಿಂಗಳು ಹೋಯಿತು. ಮೊದಲ ವರ್ಷ ಕಂಡ ಭಾರೀ ವ್ಯತ್ಯಾಸ ಈಗಿಲ್ಲ. ಏನೂ ಹಾಕದೆ ಬಲೆ ಬಿಡುವ ಕಣ ಕಂಟ್ರೋಲ್‌ನಲ್ಲಿ ನೂರಕ್ಕೆ ಮೂರ್ನಾಲ್ಕು, ಹುಣ್ಣಿರುವವರಲ್ಲಿ ಏಳೆಂಟು. ಸಣ್ಣದೇ. ಆದರೆ ಇದು ಬಸ್ಸಿನದ್ದಲ್ಲ.

ಸಾಮಾನು, ರಿಪೇರಿ, ಪೆಟ್ಟಿಗೆ ಎಲ್ಲ ಸೇರಿ ಕೋಣೆಗೆ ಆದದ್ದು ಒಂದು ಲಕ್ಷದ ಒಳಗೆ. ಒಂದು ಸ್ಯಾಂಪಲ್‌ಗೆ ಆಂಟಿಬಾಡಿ ಬಿಟ್ಟರೆ ನಾನೂರು ರೂಪಾಯಿ. ಬೇಡ ಅಂದಿದ್ದ ಸರ್ ಈಗ ಇನ್ನೊಂದು ಊರಲ್ಲೂ ಶುರು ಮಾಡೋಣ, ಮೊಟ್ಟೆ ಪೆಟ್ಟಿಗೆ ಇನ್ನೆರಡು ತರಿಸು ಅನ್ನುತ್ತಾರೆ. ತರಿಸಬಹುದು. ಮೊದಲನೆಯದರ ಬಿಲ್ಲೇ ಇನ್ನೂ ಪಾಸಾಗಿಲ್ಲ. ಇಮ್ಯುನಾಲಜಿ ಪ್ರಾಜೆಕ್ಟಿಗೆ ಕೋಳಿ ಸಾಕಣೆ ಸಾಮಾನು ಯಾಕೆ ಅಂತ ಅಕೌಂಟ್ಸ್‌ನವರು ವಿವರಣೆ ಕೇಳಿದ್ದಾರೆ. ಮೂರನೇ ಪತ್ರ ಬರೆಯುತ್ತಿದ್ದೇನೆ.